ಹಂಡೆಯ ನೀರಿಗೆ ಎಷ್ಟು ಸೌದೆ?

ಹಳೇಬೀಡಿಗೆ ಸಮೀಪದ ಹುಲಿಕೆರೆ ಎಂಬ ಗ್ರಾಮದ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಅಲ್ಲಿನ ಹೊಯ್ಸಳರ ಕಾಲದ ಕೊಳದ ಮೂಲಕ ಕೇಳಿರಬಹುದು. ಮೆಟ್ಟಿಲು ಮೆಟ್ಟಿಲಾಗಿ ನೆಲದೊಳಕ್ಕೆ ಇಳಿಯುವ ಆ ಕೊಳವನ್ನು ಕಟ್ಟಿದವರು ನೀರನ್ನು ಕೂಡಿಡುವ ವಿದ್ಯೆಯಲ್ಲಿ ನಿಪುಣರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾವು ಇಲ್ಲಿ ಹೇಳಹೊರಟಿರುವುದು ನೀರನ್ನು ಕೂಡಿಡುವ ಮಾತನ್ನಲ್ಲ, ಕಾಯಿಸುವ ಮಾತನ್ನು.

ಈ ಸೀಮೆಯು ಸಮುದ್ರಮಟ್ಟಕ್ಕಿಂತ ೮೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಪುಷ್ಯಮಾಸದ ಬೆಳಗಿನಲ್ಲಿ ಇಲ್ಲಿನ ತಣ್ಣೀರನ್ನು ಮೈಮೇಲೆ ಹೊಯ್ದುಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಆದುದರಿಂದಲೇ ಬೇಲೂರು, ಹಳೇಬೀಡು, ಅರಸೀಕೆರೆಗಳ ಕಡೆಯ ಹಳ್ಳಿಮನೆಗಳಲ್ಲಿ ಬಚ್ಚಲಿಗೊಂದು ಒಲೆ, ಒಲೆಯ ಮೇಲೊಂದು ಹಂಡೆ ಇರುವುದು ಹಿಂದಿನಿಂದಲೂ ಬಂದ ವಾಡಿಕೆ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ, ಅದಕ್ಕೆ ಸಿಂಗಾರ ಮಾಡಿ, ನೀರು ತುಂಬುವುದೇ ನಮ್ಮಲ್ಲಿ ಒಂದು ಹಬ್ಬವಾಗಿದೆ.

ಕೇಂದ್ರ ಸರ್ಕಾರದ ಉಜ್ವಲಾ ಯೋಜನೆ ೨೦೧೬ರಲ್ಲಿ ಆರಂಭವಾದ ಮೇಲೆ ಅಡುಗೆ ಅನಿಲವು ಹಳ್ಳಿಗಳಿಗೂ ವ್ಯಾಪಕವಾಗಿ ಬಂದಿತು. ಆದರೆ ಅಡುಗೆಮನೆಯ ಸೌದೆಯ ಒಲೆ ಆರಿದ ಎಷ್ಟೋ ಮನೆಗಳಲ್ಲಿ ಬಚ್ಚಲ ಒಲೆ ಇನ್ನೂ ಉರಿಯುತ್ತಲೇ ಇದೆ. ಹೀಗೇಕೆ? ಈ ಒಲೆಯನ್ನು ಆರಿಸಲು ಸಾಧ್ಯವೇ? ಆರಿಸಲಾಗದಿದ್ದರೆ ಅದರ ಹಸಿವನ್ನಾದರೂ ತಗ್ಗಿಸಬಹುದೇ? ಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಈ ಪ್ರಶ್ನೆಗಳನ್ನು ವಿಚಾರ ಮಾಡಲು ಸಾಕು.

ಒಂದು ಸಣ್ಣ ಲೆಕ್ಕ

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು ಒಂದು ಕಿಲೊಕ್ಯಾಲರಿ ಶಾಖ ಬೇಕು. ಒಂದು ಸಂಸಾರದ ಸ್ನಾನಕ್ಕೆ ದಿನಕ್ಕೆ ೧೦೦ ಲೀಟರ್ ಬಿಸಿನೀರು ಬೇಕೆಂದು ಇಟ್ಟುಕೊಳ್ಳೋಣ. ಅದನ್ನು ೨೦ ಡಿಗ್ರಿಯಿಂದ ೪೫ ಡಿಗ್ರಿಗೆ ಕಾಯಿಸುವುದಕ್ಕೆ ೨,೫೦೦ ಕಿಲೊಕ್ಯಾಲರಿ ಸಾಕು. ಗಾಳಿಗೆ ಒಣಗಿದ ಒಂದು ಕಿಲೋಗ್ರಾಂ ಸೌದೆ ಉರಿದರೆ ಸುಮಾರು ೩,೫೦೦ ಕಿಲೊಕ್ಯಾಲರಿ ಶಾಖ ಹುಟ್ಟುತ್ತದೆ. ಎಂದರೆ, ಹುಟ್ಟಿದ ಶಾಖವೆಲ್ಲ ನೀರನ್ನೇ ಸೇರುವುದಾದರೆ, ಇಡೀ ಸಂಸಾರದ ಸ್ನಾನಕ್ಕೆ ಮುಕ್ಕಾಲು ಕಿಲೋಗ್ರಾಮಿಗಿಂತ ಕಡಮೆ ಸೌದೆ ಸಾಕಾಗಬೇಕು!

ಬಚ್ಚಲ ಒಲೆಗೆ ಸೌದೆ ಒಟ್ಟಿದವರಾರೂ ಈ ಮಾತನ್ನು ನಂಬಲಾರರು. ಅವರ ಅನುಭವವೇ ಸರಿ. ಹಳೆಯ ಮಾದರಿಯ ಒಲೆಗಳಲ್ಲಿ ಹುಟ್ಟಿದ ಶಾಖದ ನೂರರಲ್ಲಿ ಹತ್ತು ಹದಿನೈದು ಪಾಲು ಮಾತ್ರ ಪಾತ್ರೆಗೆ ದಕ್ಕುತ್ತದೆ. ಹದಿನೈದು ಪಾಲೆಂದೇ ಹಿಡಿದರೂ ನಮ್ಮ ೧೦೦ ಲೀಟರ್ ನೀರಿಗೆ ದಿನವೊಂದಕ್ಕೆ ಐದು ಕಿಲೋಗ್ರಾಮಿಗೆ ತುಸು ಕಡಮೆ ಸೌದೆ ಬೇಕಾಗುತ್ತದೆ. ಪ್ರತಿದಿನವೂ ಹೀಗೆ ಕಾಯಿಸಿದರೆ ವರ್ಷಕ್ಕೆ ೧,೭೦೦ ಕಿಲೋಗ್ರಾಂ. ಇಷ್ಟನ್ನೂ ಯಾರೋ ಒಬ್ಬರು ಆಯ್ದು, ಕಡಿದು, ಹೊತ್ತು, ಒಣಗಿಸಿ, ಮಳೆಗೆ ನೆನೆಯದಂತೆ ಒಟ್ಟಬೇಕು. ಹಳ್ಳಿಗಳಲ್ಲಿ ಈ ದುಡಿಮೆಯ ಬಹುಪಾಲು ಹೆಂಗಸರದು.

ಅನಿಲದಲ್ಲಿಯೇ ನೀರು ಕಾಯಿಸಬಾರದೇ ಎಂದು ಕೇಳಬಹುದು. ಒಂದು ಕಿಲೋಗ್ರಾಂ ಅಡುಗೆ ಅನಿಲದಲ್ಲಿ ಸುಮಾರು ೧೧,೦೦೦ ಕಿಲೊಕ್ಯಾಲರಿ ಶಾಖವಿದೆ. ಅದರ ನೂರರಲ್ಲಿ ಅರವತ್ತು ಪಾಲು ನೀರಿಗೆ ಸೇರಿದರೂ ೧೪.೨ ಕಿಲೋಗ್ರಾಮಿನ ಸಿಲಿಂಡರು ಸ್ನಾನವೊಂದಕ್ಕೇ ಐದಾರು ವಾರಗಳಲ್ಲಿ ಬರಿದಾಗುತ್ತದೆ. ಅನಿಲ ಬಂದರೂ ಬಚ್ಚಲ ಒಲೆ ಆರದಿರುವುದರ ಗುಟ್ಟು ಇಲ್ಲಿದೆ. ವಿದ್ಯುತ್ತಿನ ಕಾಯಿಸುವ ಕಂಬಿಯಾದರೆ ಸುಮಾರು ಮೂರು ಯೂನಿಟ್ ಬೇಕು. ೧,೫೦೦ ವಾಟಿನ ಕಂಬಿ ಎರಡು ಗಂಟೆ ಉರಿಯಬೇಕು. ಕಲ್ಲಿದ್ದಲಿನ ಸ್ಥಾವರದಲ್ಲಿ ಇಂಧನದ ಶಾಖದ ಸುಮಾರು ಮೂರರಲ್ಲೊಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಅಷ್ಟು ನಷ್ಟ ಮಾಡಿ ಪಡೆದ ವಿದ್ಯುತ್ತನ್ನು ಮತ್ತೆ ಬರಿಯ ಶಾಖವನ್ನಾಗಿ ಪರಿವರ್ತಿಸುವುದು ಜಾಣತನವೆನಿಸದು. ಅಲ್ಲದೆ, ವಿದ್ಯುತ್ತು ಹರಿಯುತ್ತಿರುವಾಗ ನೀರಿಗೆ ಕೈಯಿಕ್ಕಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಶಾಖ ಎಲ್ಲಿ ಹೋಯಿತು?

ಹಳೆಯ ಒಲೆಯ ಅಗಲವಾದ ಬಾಯಿಯಿಂದ ಬೇಕಾದುದಕ್ಕಿಂತ ಹೆಚ್ಚು ತಣ್ಣನೆಯ ಗಾಳಿ ಒಳನುಗ್ಗಿ, ಕಾದು, ಹಂಡೆಯನ್ನು ಸರಿಯಾಗಿ ಮುಟ್ಟುವ ಮೊದಲೇ ಹೊರಟುಹೋಗುತ್ತದೆ. ಸೌದೆ ನೆಲದ ಮೇಲೆಯೇ ಬಿದ್ದಿರುವುದರಿಂದ ಅದರ ಅಡಿಗೆ ಗಾಳಿ ದೊರೆಯದೆ ಅದು ಅರೆಬರೆ ಉರಿಯುತ್ತದೆ. ಹೊಗೆಯೆಂದರೆ ಉರಿಯದೆ ಉಳಿದ ಇಂಧನವೇ. ಸೌದೆ ಹಸಿಯಾಗಿದ್ದರಂತೂ ಅದರ ತೇವವನ್ನು ಆವಿಮಾಡುವುದಕ್ಕೇ ಶಾಖ ವ್ಯಯವಾಗುತ್ತದೆ.

ಹಂಡೆಯ ಮೇಲ್ಗಡೆಯ ನಷ್ಟವನ್ನು ಬಹುಮಂದಿ ಗಮನಿಸುವುದಿಲ್ಲ. ಒಂದು ಲೀಟರ್ ನೀರು ಆವಿಯಾಗಿ ಹೋಗಲು ಸುಮಾರು ೫೭೫ ಕಿಲೊಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಅಷ್ಟು ಶಾಖದಿಂದ ೨೩ ಲೀಟರ್ ನೀರನ್ನು ಸ್ನಾನಕ್ಕೆ ಹದವಾಗಿ ಕಾಯಿಸಬಹುದು. ಹಂಡೆಯ ಬಾಯಿಗೆ ಒಂದು ಮುಚ್ಚಳ ಹಾಕುವುದು ಕಾಸು ಖರ್ಚಿಲ್ಲದ ಸುಧಾರಣೆ. ತಾಮ್ರದ ಹಂಡೆಯಲ್ಲಿ ನೀರು ಬೇಗ ಕಾಯುತ್ತದೆಂಬ ನಂಬಿಕೆಯೂ ಉಂಟು. ತಾಮ್ರವು ಕಬ್ಬಿಣಕ್ಕಿಂತ ಉತ್ತಮ ವಾಹಕವೆಂಬುದು ನಿಜ. ಆದರೆ ಶಾಖವನ್ನು ತಡೆಯುವುದು ಹಂಡೆಯ ಲೋಹವಲ್ಲ, ಅದರ ಹೊರಮೈಗೆ ಅಂಟಿಕೊಂಡಂತಿರುವ ಅನಿಲದ ತೆಳುಪದರ. ಬಿಸಿ ಅನಿಲವು ಹಂಡೆಯ ಮೈಯನ್ನು ಉಜ್ಜಿಕೊಂಡು ವೇಗವಾಗಿ ಹರಿಯುವಂತೆ ಒಲೆಯನ್ನು ರೂಪಿಸುವುದೇ ಇದಕ್ಕೆ ಪರಿಹಾರ.

ಬೆಂಗಳೂರಿನಲ್ಲಿ ನಡೆದ ಕೆಲಸ

ಇಂತಹ ವಿಚಾರಗಳನ್ನು ಹಳ್ಳಿಯ ಒಲೆಗೆ ಶಾಸ್ತ್ರೀಯವಾಗಿ ಅನ್ವಯಿಸಿದ ಕೀರ್ತಿ ನಮ್ಮ ನಾಡಿನ ವಿಜ್ಞಾನಿಗಳಿಗೆ ಸಲ್ಲುತ್ತದೆ. ವಿದ್ಯುದ್ರಸಾಯನ ವಿಜ್ಞಾನದಲ್ಲಿ ಹೆಸರುಗಳಿಸಿದ್ದ ಅಮೂಲ್ಯ ಕೆ. ಎನ್. ರೆಡ್ಡಿಯವರು ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನ ಮತ್ತು ತಂತ್ರವಿದ್ಯೆಗಳನ್ನು ಗ್ರಾಮಗಳಿಗೆ ಅನ್ವಯಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಇವರು ಮನೆಮನೆಗೂ ಹೋಗಿ, ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆಂಬುದನ್ನು ಅಳೆದರು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯೇ ಎಂದೂ, ಅದು ಮುಖ್ಯವಾಗಿ ಅಡುಗೆಗೂ ಅದರ ನಂತರ ಸ್ನಾನದ ನೀರಿಗೂ ಹೋಗುತ್ತದೆಂದೂ ತಿಳಿದುಬಂದಿತು.

೧೯೮೦ರ ದಶಕದ ಆರಂಭದಲ್ಲಿ ಇದೇ ಕೇಂದ್ರದ ಎಸ್. ಎಸ್. ಲೋಕ್ರಸ್, ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಸೌದೆಯ ಅಡಿಗೆ ಕಬ್ಬಿಣದ ಜಾಲರಿ, ಎಲ್ಲ ಕಡೆಯೂ ಮುಚ್ಚಿದ ಉರಿಗೂಡು, ಬಿಸಿ ಅನಿಲವು ಮೂರು ಪಾತ್ರೆಗಳ ಅಡಿಯನ್ನು ತಟ್ಟಿ ಹೋಗುವಂತಹ ಇಕ್ಕಟ್ಟಾದ ದಾರಿ, ಕೊನೆಗೆ ಹೊಗೆಗೊಳವೆ—ಇವು ಅದರ ಅಂಗಗಳು. ಪರೀಕ್ಷೆಗಳಲ್ಲಿ ಅದರ ದಕ್ಷತೆ ನೂರಕ್ಕೆ ನಲವತ್ತನ್ನು ಮೀರಿತು. ಅದು ಅಡುಗೆಯ ಒಲೆ. ಆದರೆ ಅದರ ತತ್ತ್ವಗಳು ಹಂಡೆಯ ಒಲೆಗೂ ಸಲ್ಲುತ್ತವೆ. ಬಚ್ಚಲ ಒಲೆಯಲ್ಲಿ ನೂರಕ್ಕೆ ನಲವತ್ತು ಪಾಲು ಶಾಖ ದಕ್ಕಿದರೆ ದಿನದ ಸೌದೆ ಐದು ಕಿಲೋಗ್ರಾಮಿನಿಂದ ಎರಡಕ್ಕಿಂತ ಕೆಳಗೆ ಇಳಿಯುತ್ತದೆ. ಆದರೆ ಇಲ್ಲಿ ಅಳತೆಯೇ ಪ್ರಾಣ. ಉರಿಗೂಡು ನಾಲ್ಕು ಬೆರಳು ದೊಡ್ಡದಾದರೂ, ಹೊಗೆಗೊಳವೆಯಲ್ಲಿ ಮಸಿ ಕಟ್ಟಿದರೂ ಲಾಭವೆಲ್ಲ ಕರಗಿಹೋಗುತ್ತದೆ.

ಬಿಸಿಲಿನ ಹಂಡೆ

ಇಷ್ಟಾದರೂ ಒಂದು ಮೂಲಪ್ರಶ್ನೆ ಉಳಿಯುತ್ತದೆ. ಸೌದೆಯ ಉರಿಯ ಉಷ್ಣತೆ ನೂರಾರು ಡಿಗ್ರಿ. ಸ್ನಾನದ ನೀರಿಗೆ ಬೇಕಾದದ್ದು ನಲವತ್ತೈದೇ ಡಿಗ್ರಿ. ಅನ್ನ ಬೇಯಿಸಲು ನೀರು ಕುದಿಯಬೇಕು, ಸ್ನಾನಕ್ಕೆ ಕುದಿಯಬೇಕಾಗಿಲ್ಲ. ಇಂತಹ ಕೆಳಮಟ್ಟದ ಕಾವನ್ನು ಒದಗಿಸಲು ಸೂರ್ಯನೇ ಸಮರ್ಥನು. ಹಳ್ಳಿಮನೆಯ ಬೆಂಕಿಗಳಲ್ಲಿ ಬಿಸಿಲಿಗೆ ಅತ್ಯಂತ ಸುಲಭವಾಗಿ ಒಪ್ಪಿಸಬಹುದಾದ ಬೆಂಕಿ ಬಚ್ಚಲಿನದು.

೧೭೬೭ರಲ್ಲಿ ಸ್ವಿಟ್ಸರ್ಲೆಂಡಿನ ದ ಸೊಸ್ಯೂರ್ ಎಂಬ ವಿಜ್ಞಾನಿ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲಿನ ಶಾಖವನ್ನು ಸೆರೆಹಿಡಿದು ತೋರಿಸಿದನು. ೧೮೯೧ರಲ್ಲಿ ಅಮೆರಿಕೆಯ ಕ್ಲಾರೆನ್ಸ್ ಕೆಂಪ್ ಎಂಬಾತನು ಇದೇ ತತ್ತ್ವದ ಜಲತಾಪಕಕ್ಕೆ ಹಕ್ಕುಪತ್ರ ಪಡೆದನು. ಆದರೆ ಅದರಲ್ಲಿ ಕಾದ ನೀರು ರಾತ್ರಿಯಲ್ಲಿ ಆರಿಹೋಗುತ್ತಿತ್ತು. ೧೯೦೯ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೇಲಿ ಶಾಖ ಹೀರುವ ಫಲಕವನ್ನೂ ನೀರಿನ ತೊಟ್ಟಿಯನ್ನೂ ಬೇರ್ಪಡಿಸಿ, ತೊಟ್ಟಿಗೆ ಶಾಖನಿರೋಧಕ ಹೊದಿಕೆಯನ್ನು ತೊಡಿಸಿದನು. ಫಲಕದಲ್ಲಿ ಕಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ. ತಣ್ಣೀರು ಭಾರವಾಗಿ ಕೆಳಗೆ ಇಳಿಯುತ್ತದೆ. ಪಂಪಿನ ಅಗತ್ಯವಿಲ್ಲ. ಇಂದಿನ ಅನೇಕ ತಾಪಕಗಳಲ್ಲಿ ಫಲಕದ ಬದಲು ಗಾಜಿನ ನಿರ್ವಾತ ನಳಿಕೆಗಳಿವೆ. ಥರ್ಮಾಸ್ ಫ್ಲಾಸ್ಕಿನಂತೆ ಇವುಗಳ ಎರಡು ಪದರಗಳ ನಡುವೆ ಗಾಳಿಯಿಲ್ಲದಿರುವುದರಿಂದ ಒಳಗಿನ ಶಾಖ ಹೊರಗೆ ಸೋರುವುದು ಬಹಳ ಕಡಮೆ.

ನಮ್ಮ ಸೀಮೆಯಲ್ಲಿ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರಿಗೆ ಸುಮಾರು ಐದು ಯೂನಿಟ್ ಶಕ್ತಿ ಬೀಳುತ್ತದೆ. ಎರಡು ಚದರ ಮೀಟರಿನ ಫಲಕವು ಅದರಲ್ಲಿ ಅರ್ಧಕ್ಕೆ ತುಸು ಕಡಮೆ ಹಿಡಿದರೂ ೪,೦೦೦ ಕಿಲೊಕ್ಯಾಲರಿ ದೊರೆತು, ೧೦೦ ಲೀಟರ್ ನೀರು ೨೦ರಿಂದ ೬೦ ಡಿಗ್ರಿಗೆ ಏರುತ್ತದೆ. ಅದರಲ್ಲಿ ಅರವತ್ತೆರಡೂವರೆ ಲೀಟರಿಗೆ ತಣ್ಣೀರು ಬೆರಸಿದರೆ ನಮಗೆ ಬೇಕಾದ ೪೫ ಡಿಗ್ರಿಯ ೧೦೦ ಲೀಟರ್ ಸಿದ್ಧ; ಉಳಿದದ್ದು ಪಾತ್ರೆ ಬಟ್ಟೆಗಳಿಗೆ.

ಹುಲಿಕೆರೆಗೆ ಯಾವುದು ತಕ್ಕದ್ದು?

ಹಾಗಾದರೆ ಎಲ್ಲರೂ ಒಲೆಯನ್ನು ಒಡೆದುಹಾಕಿ ತಾಪಕವನ್ನು ಕೂರಿಸಬಹುದೇ? ಅಷ್ಟು ಸುಲಭವಲ್ಲ. ೨೦೦೭ರಲ್ಲಿ ಕರ್ನಾಟಕ ಸರ್ಕಾರವು ಹಲವು ವರ್ಗದ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯ ಮಾಡಿತು. ಬೆಂಗಳೂರಿನ ಮಾಳಿಗೆಗಳ ಮೇಲೆ ಅವು ಸಾಲುಸಾಲಾಗಿ ಕಾಣುತ್ತವೆ. ಹಳ್ಳಿಯ ಸ್ಥಿತಿ ಬೇರೆ. ತಾಪಕಕ್ಕಿಂತ ಎತ್ತರದಲ್ಲಿ ತಣ್ಣೀರಿನ ತೊಟ್ಟಿ ಇರಬೇಕು. ಹೆಂಚಿನ ಮನೆಗೆ ಅದನ್ನು ಹೊರುವ ಬಲವಿಲ್ಲದಿದ್ದರೆ ಅಂಗಳದಲ್ಲಿ ಕಬ್ಬಿಣದ ಅಟ್ಟಣೆ ಕಟ್ಟಬೇಕು. ಕೊಳವೆಬಾವಿಯ ನೀರು ಗಡಸಾಗಿದ್ದರೆ, ಕಾದಾಗ ಸುಣ್ಣದಂತಹ ಗಟ್ಟಿ ಪದರ ಕೂತು ಫಲಕದ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಅಂತಹ ಕಡೆಗಳಲ್ಲಿ ಅಗಲವಾದ ನಿರ್ವಾತ ನಳಿಕೆಗಳ ಮಾದರಿಯೇ ಮೇಲು. ಎಲ್ಲಕ್ಕಿಂತ ಮೊದಲ ತೊಡಕೆಂದರೆ ಒಮ್ಮೆಗೇ ತೆರಬೇಕಾದ ಹಣ.

ಇನ್ನು ಆಕಾಶದ ಮಾತು. ಹುಲಿಕೆರೆಗೆ ಪಶ್ಚಿಮದಲ್ಲಿ ಬೇಲೂರು, ಅದರಾಚೆಗೆ ಮಲೆನಾಡು. ಈಶಾನ್ಯಕ್ಕೆ ಅರಸೀಕೆರೆಯ ಬಯಲು. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಕಡೆ ದಿನಗಟ್ಟಲೆ ಸೂರ್ಯದರ್ಶನವಿರುವುದಿಲ್ಲ. ಅರಸೀಕೆರೆಯ ಕಡೆ ಬಿಸಿಲು ಹೆಚ್ಚು; ಜೊತೆಗೆ ತೆಂಗಿನ ತೋಟಗಳಿರುವುದರಿಂದ ಗರಿ, ಮಟ್ಟೆ, ಚಿಪ್ಪುಗಳಿಗೂ ಬರವಿಲ್ಲ. ‘ತೋಟದಲ್ಲಿ ಪುಕ್ಕಟೆ ಬಿದ್ದಿರುವಾಗ ತಾಪಕವೇಕೆ?’ ಎಂಬ ವಾದ ನಿರಾಧಾರವಾದುದಲ್ಲ. ಆದರೆ ಅದೇ ಗರಿ ಮಟ್ಟೆಗಳು ಮರದ ಬುಡಕ್ಕೆ ಹೊದಿಕೆಯಾದರೆ ತೇವವನ್ನು ಕಾಯುತ್ತವೆ, ಕೊಳೆತು ಗೊಬ್ಬರವಾಗುತ್ತವೆ. ಹೊಗೆಯ ಬೆಲೆಯನ್ನೂ ಮರೆಯಬಾರದು. ಮನೆಯೊಳಗಿನ ಹೊಗೆಯಿಂದಾಗಿ ೨೦೨೦ರಲ್ಲಿ ಜಗತ್ತಿನಲ್ಲಿ ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಆದುದರಿಂದ ಇಂತಹ ಊರಿಗೆ ಒಂದೇ ಉಪಕರಣವನ್ನು ಹೇಳುವುದಕ್ಕಿಂತ ಒಂದು ಕ್ರಮವನ್ನು ಹೇಳುವುದು ಯುಕ್ತವೆಂದು ನಮಗೆ ತೋರುತ್ತದೆ. ಮೊದಲು ಹಂಡೆಗೆ ಮುಚ್ಚಳ, ಸೌದೆಗೆ ಒಣ ಜಾಗ. ಆಮೇಲೆ ಒಲೆಗೆ ಜಾಲರಿ ಮತ್ತು ಹೊಗೆಗೊಳವೆ. ಅನುಕೂಲವಾದಾಗ ಬಿಸಿಲಿನ ತಿಂಗಳುಗಳಿಗೆ ದಕ್ಷಿಣಾಭಿಮುಖವಾದ ತಾಪಕ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅದರ ಓರೆ ಇಲ್ಲಿನ ೧೩ ಡಿಗ್ರಿ ಅಕ್ಷಾಂಶಕ್ಕಿಂತ ತುಸು ಹೆಚ್ಚಾಗಿರಬೇಕು. ಸುಧಾರಿಸಿದ ಒಲೆಯು ಮೋಡದ ದಿನಗಳ ಆಸರೆಯಾಗಿ ಉಳಿಯಲಿ.

ವಿದ್ಯಾರ್ಥಿಗಳಾದ ನಮ್ಮ ವಾಚಕರು ಇದನ್ನು ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ತಕ್ಕಡಿ, ಒಂದು ಉಷ್ಣತಾಮಾಪಕ ಇಷ್ಟಿದ್ದರೆ ಸಾಕು. ಸೌದೆಯನ್ನು ತೂಗಿರಿ, ನೀರನ್ನು ಬಿಂದಿಗೆಯಿಂದ ಅಳೆಯಿರಿ, ಮೊದಲಿನ ಮತ್ತು ಕೊನೆಯ ಉಷ್ಣತೆಗಳನ್ನು ಬರೆದುಕೊಳ್ಳಿರಿ. ನೀರು ಪಡೆದ ಶಾಖವನ್ನು ಸೌದೆಯ ಶಾಖದಿಂದ ಭಾಗಿಸಿದರೆ ನಿಮ್ಮ ಒಲೆಯ ದಕ್ಷತೆ ದೊರೆಯುತ್ತದೆ. ಒಂದು ದಿನ ಹಂಡೆಯನ್ನು ಮುಚ್ಚದೆ, ಮರುದಿನ ಮುಚ್ಚಿ ಅಳೆದು ನೋಡಿರಿ. ಬಂದ ಅಂಕೆಗಳನ್ನು ದಿನವೂ ಒಲೆ ಹೊತ್ತಿಸುವವರ ಮುಂದಿಡಿರಿ. ಸೌದೆಯ ಹೊರೆಯ ಭಾರವನ್ನು ಬಲ್ಲವರು ಅವರು. ಮುಂದಿನ ಹೆಜ್ಜೆಯನ್ನು ತೀರ್ಮಾನಿಸಬೇಕಾದವರೂ ಅವರೇ.