ನಿಮಗಿದು ಗೊತ್ತೆ? ಸಿಟ್ಟಿನ ಬಣ್ಣ ಕೆಂಪು, ಹೆದರಿಕೆಯದು ಕಪ್ಪು

ಭಾವಕ್ಕೊಂದು ಬಣ್ಣ ಕೊಟ್ಟು ಮಕ್ಕಳಿಗೆ ಕಲಿಸುವುದು ಹೊಸ ವಿಧಾನವೆಂದು ತೋರಬಹುದು. ಆದರೆ ಭರತನ ನಾಟ್ಯಶಾಸ್ತ್ರವೇ ಎಂಟು ರಸಗಳಿಗೆ ಎಂಟು ಬಣ್ಣ ಹೇಳಿದೆ: ರೌದ್ರಕ್ಕೆ ಕೆಂಪು, ಹಾಸ್ಯಕ್ಕೆ ಬಿಳಿ, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ. ಕರುಣಕ್ಕೆ ಪಾರಿವಾಳದ ಬೂದು, ಎಷ್ಟು ಸೂಕ್ಷ್ಮ ಆಯ್ಕೆ!

ಕುಂದಾಪುರ ಸೀಮೆಯ ಮಕ್ಕಳಿಗೆ ಈ ಪಾಠ ಪುಸ್ತಕಕ್ಕಿಂತ ಮೊದಲು ಯಕ್ಷಗಾನದ ಆಟದಲ್ಲೇ ಸಿಗುತ್ತದೆ. ಬಣ್ಣದ ವೇಷ ರಂಗಕ್ಕೆ ಬಂದು ಅಬ್ಬರಿಸಿದರೆ, ಮಾತು ಅರ್ಥವಾಗದ ಮಗುವಿಗೂ ಅದು ರಕ್ಕಸನ ಕೋಪವೆಂದು ತಿಳಿಯುತ್ತದೆ. ತೆಕ್ಕಟ್ಟೆಯ ಕೊಮೆಯಲ್ಲಿರುವ ಯಶಸ್ವೀ ಕಲಾವೃಂದ ಮಕ್ಕಳಿಗೇ ಗೆಜ್ಜೆ ಕಟ್ಟಿಸಿ ಯಕ್ಷಗಾನ ಕಲಿಸುತ್ತಿದೆ. ಮುಖಕ್ಕೆ ಬಣ್ಣ ಹಚ್ಚಿಕೊಂಡು ಸಿಟ್ಟು, ಅಳು, ಬೆರಗುಗಳನ್ನು ತಾವೇ ಅಭಿನಯಿಸುವ ಆ ಪುಟಾಣಿಗಳಿಗೆ ಭಾವ ಕಲಿಸಲು ಬೇರೆ ಚಿತ್ರಪಟ ಬೇಕೆ?