ಕಾಲಲ್ಲಿ ಶ್ರುತಿ: ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ

ಮೈಕು ಬರುವ ಮುಂಚೆ ಹುಬ್ಬಳ್ಳಿಯಲ್ಲಿ ಕ್ಯಾಂಪ್ ಹಾಕಿದ ನಾಟಕ ಕಂಪನಿಗೆ ಎರಡು ಗಂಟಲು ಗಟ್ಟಿ ಇರಲೇಬೇಕಿತ್ತು. ಒಂದು ನಟನದು. ಇನ್ನೊಂದು ರಂಗದ ಮುಂದೆ ಕೂತ ಪೇಟಿ ಮಾಸ್ತರರ ಲೆಗ್ ಹಾರ್ಮೋನಿಯಮ್ಮಿನದು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಎಳೆಯ ವಯಸ್ಸಿನಲ್ಲಿ ಇಂಥ ಕಂಪನಿಗಳಲ್ಲಿ ಹಾಡಿದವರು. ಏಣಗಿ ಬಾಳಪ್ಪ ಬದುಕಿನುದ್ದಕ್ಕೂ ರಂಗಗೀತೆಯನ್ನು ಕೈಬಿಡದವರು. ಆ ಹಾಡುಗಳ ಬೆನ್ನಿಗೆ ನಿಂತ ಪೇಟಿಯಲ್ಲಿ ಸ್ವರ ಹುಟ್ಟುವುದು ಬೆರಳಿನಿಂದ ಎಂದೇ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಅದು ಶ್ರುತಿಯಲ್ಲಿ ನಿಲ್ಲುವುದಕ್ಕೆ ಕಾಲೂ ಬೇಕು.

ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ 1840ರ ದಶಕದಲ್ಲಿ ಹಾರ್ಮೋನಿಯಮ್ಮಿಗೆ ಪೇಟೆಂಟ್ ಪಡೆದಾಗ ಅದು ಕಾಲಿನಿಂದ ತುಳಿಯುವ ವಾದ್ಯವೇ ಆಗಿತ್ತು. ನೆಲದ ಮೇಲೆ ಕೂತು ಎಡಗೈಯಿಂದ ಗಾಳಿ ಹಾಕುವ ಪೆಟ್ಟಿಗೆ ಬಂದದ್ದು ಆಮೇಲೆ. ಅದನ್ನು ರೂಪಿಸಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಹೆಸರು ದೊಡ್ಡದು. ಬೈಠಕ್ಕಿಗೆ ಕೈಪೇಟಿ ಸಾಕಾಯಿತು. ನಾಟಕದವರು ಮಾತ್ರ ಕಾಲಿನದನ್ನೇ ಉಳಿಸಿಕೊಂಡರು. ಕಾರಣ ಸರಳ: ಎರಡೂ ಕೈ ಬಿಡುವಾಗುತ್ತವೆ, ಗಾಳಿ ಕಡಿಯುವುದಿಲ್ಲ, ದನಿ ದೂರ ಮುಟ್ಟುತ್ತದೆ.

ಒಳಗಿನ ಏರ್ಪಾಟು ಕಮ್ಮಾರನ ತಿದಿಯ ಹಾಗೆಯೇ. ಎರಡು ಪೆಡಲ್, ಒಂದೊಂದಕ್ಕೂ ಒಂದು ಪಟ್ಟಿ, ಪಟ್ಟಿಯ ತುದಿಗೆ ಒಂದು ಸಣ್ಣ ತಿದಿ. ತುಳಿದರೆ ಪಟ್ಟಿ ಎಳೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ತಿದಿಯನ್ನು ಮೊದಲಿನ ಜಾಗಕ್ಕೆ ತರುತ್ತದೆ. ಚರ್ಮದ ಕವಾಟಗಳು ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಎಡಗಾಲು, ಬಲಗಾಲು ಸರದಿಯಂತೆ ಕೊಡುವ ಈ ಗಾಳಿಯ ಏರಿಳಿತವನ್ನು ದೊಡ್ಡದೊಂದು ತಿದಿ ನುಂಗಿಕೊಂಡು ರೀಡುಗಳಿಗೆ ಸಮನಾದ ಒತ್ತಡ ಕೊಡಬೇಕು. ಕೊಡುತ್ತದೆಯೇ ಎಂಬುದೇ ಪ್ರಶ್ನೆ.

ರೀಡ್ ಎಂದರೆ ಒಂದು ತುದಿ ಬಿಗಿದ, ಇನ್ನೊಂದು ತುದಿ ಬಿಟ್ಟ ತೆಳು ಹಿತ್ತಾಳೆ ನಾಲಿಗೆ. ಅದರ ಉದ್ದ, ದಪ್ಪ, ತೂಕಗಳೇ ಸ್ವರವನ್ನು ನಿರ್ಧರಿಸುತ್ತವೆ. ಗಾಳಿ ಜೋರಾದರೆ ದನಿ ಮಾತ್ರ ಏರುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ಒತ್ತಡ ಹೆಚ್ಚಿದಂತೆ ಇಂಥ ರೀಡಿನ ಸ್ವರ ತುಸು ಇಳಿಯುತ್ತದೆ. ಈ ಇಳಿತ ಸಣ್ಣದೇ, ಆದರೆ ಪಕ್ಕದಲ್ಲಿ ತಂಬೂರಿ ನುಡಿಯುತ್ತಿದ್ದರೆ ಕಿವಿಗೆ ಬೀಳುತ್ತದೆ. ಒಂದು ಕಾಲು ಹೆಚ್ಚು ಒತ್ತಿ ಇನ್ನೊಂದು ಕಡಿಮೆ ಒತ್ತಿದರೆ, ಅಥವಾ ದೊಡ್ಡ ತಿದಿ ಆ ವ್ಯತ್ಯಾಸವನ್ನು ತಡೆಯದಿದ್ದರೆ, ಹಿಡಿದ ಷಡ್ಜವೇ ತುಳಿತದ ಲಯಕ್ಕೆ ಅಲುಗುತ್ತದೆ.

ಅದಕ್ಕೇ ನನ್ನ ಖಚಿತ ಅಭಿಪ್ರಾಯ: ಹಳೆಯ ಲೆಗ್ ಹಾರ್ಮೋನಿಯಂ ರಿಪೇರಿಗೆ ಕೂತವರು ಮೊದಲು ರೀಡಿಗೆ ಕೈ ಹಾಕಬಾರದು. ಮೊದಲು ಪೆಡಲ್. ಪಟ್ಟಿ ಸಡಿಲವಾಗಿದ್ದರೆ ತುಳಿತದ ಮೊದಲ ಭಾಗ ದಂಡ. ಅತಿ ಬಿಗಿಯಾಗಿದ್ದರೆ ತಿದಿ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಎರಡೂ ಪಟ್ಟಿಗಳ ಉದ್ದ, ಎರಡೂ ಸ್ಪ್ರಿಂಗುಗಳ ಬಿಗಿ ಸಮ ಇರಬೇಕು. ಕೀಲು ಕಿರುಗುಟ್ಟಿದರೆ ಒಂದು ಹನಿ ಎಣ್ಣೆ ಸಾಕು, ಆದರೆ ಅದು ಚರ್ಮಕ್ಕೆ ತಾಗಕೂಡದು. ಆಮೇಲೆ ದೊಡ್ಡ ತಿದಿಯನ್ನು ತುಂಬಿಸಿ, ಪೇಟಿಯ ಯಾವ ಮನೆಯನ್ನೂ (ಕೀಯನ್ನೂ) ಒತ್ತದೆ ಕಾಲು ತೆಗೆದು ನೋಡಬೇಕು. ತಿದಿ ನಿಧಾನವಾಗಿ ಸಡಿಲಾದರೆ ಸರಿ, ದಡಕ್ಕನೆ ಸಡಿಲಾದರೆ ಸೋರಿಕೆ ಇದೆ. ಊದುಬತ್ತಿಯನ್ನು ಮರದಿಂದ ದೂರ ಹಿಡಿದು ಹೊಗೆಯನ್ನಷ್ಟೇ ಸಂದುಗಳ ಕಡೆ ಹಾಯಿಸಿದರೆ, ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಬಿರುಕು. ಧಾರವಾಡದ ಜಿಟಿಜಿಟಿ ಮಳೆಗೆ ಉಬ್ಬಿ, ಬೇಸಿಗೆಗೆ ಒಣಗುವ ಮರ ಮತ್ತು ಚರ್ಮದಲ್ಲಿ ಇಂಥ ಬಿರುಕು ಸಾಮಾನ್ಯ.

ಗಾಳಿ ಸಮವಾದ ಮೇಲೆ ರೀಡು. ತುದಿಯಲ್ಲಿ ಕೆರೆದರೆ ತೂಕ ಇಳಿದು ಸ್ವರ ಏರುತ್ತದೆ. ಬುಡದಲ್ಲಿ ಕೆರೆದರೆ ಬಿಗಿ ಇಳಿದು ಸ್ವರವೂ ಇಳಿಯುತ್ತದೆ. ನಾಲಿಗೆ ಬಾಗದಂತೆ ಕೆಳಗೆ ತೆಳು ತಗಡು ಸೇರಿಸಿ, ಒಂದೆರಡು ಗೀರು ಎಳೆದು, ಮತ್ತೆ ನುಡಿಸಿ ಕೇಳಬೇಕು. 240 ಹರ್ಟ್ಸಿನ ಸ್ವರದ ಜೊತೆ 242ರದು ನುಡಿದರೆ ಸೆಕೆಂಡಿಗೆ ಎರಡು ಸಲ ದನಿ ಉಬ್ಬಿ ತಗ್ಗುತ್ತದೆ. ಆ ಅಲೆ ನಿಧಾನವಾಗುತ್ತ ನಿಂತಾಗ ಎರಡೂ ಸೇರಿದವು. ಕೆರೆದ ಹಿತ್ತಾಳೆ ವಾಪಸ್ ಬರುವುದಿಲ್ಲ. ಸೋರುವ ತಿದಿಯ ಗಾಳಿಗೆ ರೀಡು ಹೊಂದಿಸಿ, ಆಮೇಲೆ ತಿದಿ ಸರಿಮಾಡಿದರೆ ಮಾಡಿದ್ದೆಲ್ಲ ಮತ್ತೆ ಕೆಡುತ್ತದೆ.

ಯಾವ ಸ್ವರಕ್ಕೆ ಹೊಂದಿಸಬೇಕು ಎಂಬುದು ಇನ್ನೂ ಕಠಿಣ. ಕಂಪನಿಯಲ್ಲಿ ಒಬ್ಬ ನಟ ಪೇಟಿಯ ಒಂದನೇ ಕಪ್ಪು ಮನೆಯನ್ನು ಷಡ್ಜವಾಗಿಟ್ಟು ಹಾಡಿದರೆ ಇನ್ನೊಬ್ಬ ನಾಲ್ಕನೇ ಕಪ್ಪು ಮನೆಯನ್ನು. ಒಂದೇ ಪೇಟಿ ಎಲ್ಲರಿಗೂ ಆಗಬೇಕಾದರೆ ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡುವುದೇ ದಾರಿ. ಇದರ ಬೆಲೆಯನ್ನು ಗಾಂಧಾರ ತೆರುತ್ತದೆ. ಷಡ್ಜ 240 ಹರ್ಟ್ಸ್ ಇದ್ದರೆ ತಂಬೂರಿಯೊಳಗಿಂದ ತಾನಾಗಿ ಮೂಡುವ ಶುದ್ಧ ಗಾಂಧಾರಕ್ಕೆ 300 ಸರಿಹೊಂದುತ್ತದೆ. ಸಮಪಾಲಿನ ಪೇಟಿ ಕೊಡುವುದು ಸುಮಾರು 302.4. ಒಂದು ಮನೆಯಿಂದ ಮುಂದಿನ ಮನೆಗೆ ಇರುವ ಅಂತರವನ್ನು ನೂರು ಸೆಂಟ್ ಎಂದು ಲೆಕ್ಕ ಹಿಡಿದರೆ ಇದು ಸುಮಾರು 14 ಸೆಂಟ್ ಹೆಚ್ಚು. ಪಂಚಮದಲ್ಲಿ ತಪ್ಪು ಬರೀ ಎರಡು ಸೆಂಟ್, ಹೆಚ್ಚಿನವರಿಗೆ ತಿಳಿಯದು.

ಈ ಹದಿನಾಲ್ಕು ಸೆಂಟಿನ ಜಗಳ ಅಮೆರಿಕದಲ್ಲೂ ಇದೆ, ಅದೂ ಪೆಡಲ್ ಇರುವ ವಾದ್ಯದಲ್ಲೇ. 1954ರಲ್ಲಿ ಬಂದ, ಕಂಟ್ರಿ ಗಾಯಕ ವೆಬ್ ಪಿಯರ್ಸರ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ನುಡಿಸಿದ ಮೇಲೆ ಪೆಡಲ್ ಸ್ಟೀಲ್ ಗಿಟಾರು ಮನೆಮಾತಾಯಿತು. ಅಲ್ಲಿ ಪೆಡಲ್ ಒತ್ತಿದರೆ ಸರಳೊಂದು ತಂತಿಯನ್ನು ಬಿಗಿದು ಸ್ವರವನ್ನೇ ಏರಿಸುತ್ತದೆ. ಮೊದಲು ಪೆಡಲ್ ಬಿಟ್ಟು ತಂತಿಯ ಶ್ರುತಿ ಮಾಡಬೇಕು, ಆಮೇಲೆ ಪೂರ್ತಿ ಒತ್ತಿ ಹಿಡಿದು ಸರಳಿನ ತುದಿಯ ನೈಲಾನ್ ನಟ್ ತಿರುಗಿಸಿ ಏರಿದ ಸ್ವರವನ್ನು ಕೂಡಿಸಬೇಕು. ಒಂದು ತಂತಿ ಬಿಗಿದಾಗ ವಾದ್ಯದ ಮೈ ಕೂದಲೆಳೆಯಷ್ಟು ಬಾಗಿ ಉಳಿದ ತಂತಿಗಳು ಇಳಿಯುವುದೂ ಉಂಟು. ಅಲ್ಲಿನ ಅನೇಕ ವಾದಕರು ಯಂತ್ರ ತೋರಿಸುವ ಸಮಪಾಲನ್ನು ಬಿಟ್ಟು ಗಾಂಧಾರವನ್ನು ಕಿವಿಗೆ ಸಿಹಿಯಾಗುವಷ್ಟು ಇಳಿಸಿಕೊಳ್ಳುತ್ತಾರೆ. ನಟ್ ಆದ್ದರಿಂದ ಅವರು ನಾಳೆ ಮತ್ತೆ ಏರಿಸಿಕೊಳ್ಳಬಹುದು. ನಮ್ಮ ಪೇಟಿ ಮಾಸ್ತರರಿಗೆ ಆ ಸೌಕರ್ಯ ಇರಲಿಲ್ಲ.

ಸ್ವರದಿಂದ ಸ್ವರಕ್ಕೆ ಜಾರಲಾರದ, ಗಾಂಧಾರ ಏರಿದ ಈ ವಾದ್ಯವನ್ನು ಆಕಾಶವಾಣಿ 1940ರಲ್ಲಿ ದೂರವಿಟ್ಟಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ನಿಷೇಧ ಇತ್ತು, ಸಡಿಲವಾದದ್ದು 1971ರಲ್ಲಿ. ಅಷ್ಟರೊಳಗೆ ಧಾರವಾಡದ ವಸಂತ ಕನಕಾಪುರ, ಬೆಳಗಾವಿಯ ರಾಮ್‌ಭಾವು ಬಿಜಾಪುರೆಯವರಂಥ ವಾದಕರು ಪೇಟಿಯ ಕೊರತೆಯನ್ನು ಕೈಚಳಕದಿಂದ ತುಂಬಿದ್ದರು. ಗಾಂಧಾರದ ಮೇಲೆ ಹೆಚ್ಚು ಹೊತ್ತು ನಿಲ್ಲದೆ ಗಾಯಕನಿಗೆ ಜಾಗ ಬಿಡುವುದು, ಗಾಳಿಯನ್ನು ತಗ್ಗಿಸಿ ಸ್ವರವನ್ನು ಮೆತ್ತಗಾಗಿಸುವುದು ಒಳ್ಳೆಯ ಸಾಥಿದಾರನ ಲಕ್ಷಣ. ಕೈಪೇಟಿಯಲ್ಲಿ ಅದನ್ನು ಎಡಗೈ ಮಾಡುತ್ತದೆ. ಲೆಗ್ ಹಾರ್ಮೋನಿಯಮ್ಮಿನಲ್ಲಿ ಎರಡು ಪಾದಗಳೇ ಮಾಡಬೇಕು. ಪಟ್ಟಿಗಳು ಸಮವಾಗಿದ್ದರೆ ಮಾತ್ರ ಪೆಡಲುಗಳು ಪಾದದ ಮಾತು ಕೇಳುತ್ತವೆ.