ಕಲ್ಲುಕುಟಿಗ ಕವಿ ಕಟ್ಟಿದ ಪತ್ರಿಕೆ

ಪತ್ರಿಕೆಯ ಬಲವೆಲ್ಲವೂ ರಾಜಧಾನಿಯಲ್ಲಿಯೇ ನೆಲೆಸಿರುವುದೆಂದು ಭಾವಿಸುವವರು ಬಹು ಮಂದಿ. ಅಂಥವರ ಗಮನಕ್ಕೆ ಥಾಮಸ್ ಮೆಕ್ವೀನನ ಚರಿತ್ರೆಯನ್ನು ತರಲಿಚ್ಛಿಸುತ್ತೇವೆ.

ಈತನು 1803ರಲ್ಲಿ ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದಲ್ಲಿ ಜನಿಸಿದನು. ಕಸಬಿನಿಂದ ಕಲ್ಲುಕುಟಿಗ, ಆದರೆ ಮನಸ್ಸು ಕಾವ್ಯದಲ್ಲಿ ನೆಟ್ಟಿದ್ದಿತು. ಸ್ವದೇಶದಲ್ಲಿದ್ದಾಗಲೇ ಮೂರು ಕವನ ಸಂಗ್ರಹಗಳನ್ನು ಪ್ರಕಟಿಸಿದನು. ಕವಿತೆಯಿಂದ ಹೊಟ್ಟೆ ತುಂಬುವುದೆಲ್ಲಿ ಬಂತು? 1842ರಲ್ಲಿ ಕಡಲು ದಾಟಿ ಕೆನಡಾ ಸೇರಿದನು.

ಅಲ್ಲಿ ಹ್ಯೂರನ್ ಸರೋವರದ ದಡದಲ್ಲಿ ಗಾಡ್ರಿಚ್ ಎಂಬ ಸಣ್ಣ ಪಟ್ಟಣವಿದ್ದಿತು. ಅದನ್ನು 1827ರಲ್ಲಿ ಸ್ಥಾಪಿಸಿದುದು ಕೆನಡಾ ಕಂಪನಿ. ಸುತ್ತಲಿನ 10 ಲಕ್ಷಕ್ಕೂ ಮಿಕ್ಕ ಎಕರೆ ಭೂಮಿಯನ್ನು ವಲಸಿಗರಿಗೆ ಮಾರುತ್ತಿದ್ದುದೂ ಆ ಕಂಪನಿಯೇ. ಕಾಡು ಕಡಿದು ಹೊಲ ಮಾಡುತ್ತಿದ್ದ ಒಕ್ಕಲಿಗರ ನಡುವೆ ಮೆಕ್ವೀನನು 1848ರ ಫೆಬ್ರವರಿಯಲ್ಲಿ 'ಹ್ಯೂರನ್ ಸಿಗ್ನಲ್' ಪತ್ರಿಕೆಯನ್ನು ಹೊರಡಿಸಿದನು. ಅದು ಸುಧಾರಕ ಪಕ್ಷದ ಪತ್ರಿಕೆಯಾಗಿದ್ದಿತು.

ಕಾಲವೂ ಸಾಮಾನ್ಯವಾದುದಲ್ಲ. ಮಂತ್ರಿಗಳು ಗವರ್ನರನ ಮರ್ಜಿಗಲ್ಲ, ಶಾಸನಸಭೆಯ ಬಹುಮತಕ್ಕೆ ಬದ್ಧರಾಗಿರಬೇಕೆಂಬ ಜವಾಬ್ದಾರಿ ಸರ್ಕಾರದ ತತ್ತ್ವವು ಕೆನಡಾದಲ್ಲಿ ಕೈಗೂಡಿದುದು ಅದೇ ವರ್ಷದ ಮಾರ್ಚಿಯಲ್ಲಿ. ಬಾಲ್ಡ್ವಿನ್ ಮತ್ತು ಲಾಫಾಂಟೇನರ ಮಂತ್ರಿಮಂಡಲ ರಚಿತವಾದಾಗ. ಮರುವರ್ಷ ಏಪ್ರಿಲಿನಲ್ಲಿ ಅದರ ವಿರೋಧಿಗಳು ಮಾಂಟ್ರಿಯಲ್ಲಿನ ಶಾಸನಸಭಾ ಭವನಕ್ಕೇ ಕಿಚ್ಚಿಟ್ಟರು. ಇಂಥ ದಿನಗಳಲ್ಲಿ ರಾಜ್ಯಕಾರ್ಯದ ವಿಚಾರವನ್ನು ಹಳ್ಳಿಯ ಒಕ್ಕಲಿಗನ ಮನೆಬಾಗಿಲಿಗೆ ಮುಟ್ಟಿಸುವುದೆಂದರೆ ಅಲ್ಪ ಸೇವೆಯೇ? ದೂರದಲ್ಲಿ ದೊರೆತ ಹಕ್ಕು, ಅದನ್ನರಿತ ಪ್ರಜೆಯಿಲ್ಲದಿದ್ದರೆ ಕಾಗದದ ಮೇಲಿನ ಬರೆಹವಷ್ಟೆ.

ಆದರೆ ನ್ಯಾಯದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳತಕ್ಕುದಿದೆ. ಆ ಭೂಮಿಯು 1827ರ ಒಪ್ಪಂದದಿಂದ ಅನಿಶಿನಾಬೆ ಎಂಬ ಮೂಲನಿವಾಸಿಗಳ ಕೈಬಿಟ್ಟುದು. ವಲಸಿಗರಿಗೆ ಲಭಿಸಿದ ಜವಾಬ್ದಾರಿ ಸರ್ಕಾರದಲ್ಲಿ ಆ ಜನರಿಗೆ ಪಾಲಿರಲಿಲ್ಲ. ಒಬ್ಬರ ಸ್ವಾತಂತ್ರ್ಯೋದಯದ ಬೆಳಕು ಮತ್ತೊಬ್ಬರ ಅಂಗಳವನ್ನು ಮುಟ್ಟದೆ ಹೋದುದನ್ನು ಮರೆಯಲಾಗದು.

ಮೆಕ್ವೀನನು 1854ರಲ್ಲಿ ಶಾಸನಸಭೆಯ ಚುನಾವಣೆಗೆ ನಿಂತು ಸೋತನು. 1861ರಲ್ಲಿ ಗಾಡ್ರಿಚ್‌ನಲ್ಲಿ ಮಡಿದನು. ಪತ್ರಿಕೆ ಮಾತ್ರ ಅವನೊಡನೆ ಮಡಿಯಲಿಲ್ಲ. ಮುಂದೆ 'ಸ್ಟಾರ್' ಪತ್ರಿಕೆಯೊಡನೆ ಕೂಡಿ, 'ಸಿಗ್ನಲ್-ಸ್ಟಾರ್' ಎಂಬ ಹೆಸರಿನಿಂದ ಇಪ್ಪತ್ತನೆಯ ಶತಮಾನವನ್ನೂ ದಾಟಿ ಬಂದಿತು.

ಸಭೆಯಲ್ಲಿ ಸ್ಥಾನ ದೊರೆಯದವನಿಗೆ ಜನರ ನಡುವೆ ಸ್ಥಾನ ದೊರೆಯಿತು. ಸಣ್ಣ ಊರಿನ ಪತ್ರಿಕೆಯೆಂದು ಮೂಗು ಮುರಿಯುವ ವಿದ್ಯಾವಂತರೂ ಅಧಿಕಾರಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಬಿನ್ನಹ. ಪ್ರಜಾಧಿಕಾರದ ಮಂದಿರಕ್ಕೆ ಕಳಸವಿಡುವವರು ರಾಜಧಾನಿಯವರಿರಬಹುದು. ತಳಪಾಯದ ಕಲ್ಲು ಕಡೆಯುವವರು ಹಳ್ಳಿಗಳಲ್ಲಿರುತ್ತಾರೆ.